ಜಾಹೀರಾತಿನಲ್ಲಿ ಮಲಗಿದ ಅತ್ತಿಗೆ

ಮಳೆ ಹಿಡಿದದ್ದು ನಾವು ನಾಲ್ಕನೇ ಮಹಡಿಯ ಖಾಲಿ ಮನೆ ನೋಡುತ್ತಿದ್ದಾಗ. ಪೇಟೆಯ ನಟ್ಟನಡುವಿನ ಕಟ್ಟಡ. ಕೆಳಗೆ ಬಸ್ಸುಗಳು ಒಂದರ ಹಿಂದೊಂದು ನಿಂತು ಹಾರ್ನ್ ಹೊಡೆಯುತ್ತಿದ್ದವು. ಮನೆ ತೋರಿಸುತ್ತಿದ್ದ ವಾಚ್‌ಮನ್, ಮಲಗುವ ಕೋಣೆಯ ಕಿಟಕಿಯ ಗಾಜನ್ನು ಎಳೆದು ಮುಚ್ಚಿದ. ಅಷ್ಟೇ. ಮಳೆ ಕಾಣುತ್ತಿತ್ತು, ಕೇಳಿಸುತ್ತಿರಲಿಲ್ಲ. ಬಸ್ಸುಗಳು ಬಾಯಿ ಕಟ್ಟಿದ ದನಗಳ ಹಾಗೆ ಸುಮ್ಮನೆ ನಿಂತಿದ್ದವು. ಗಾಜಿನ ಮೇಲೆ, ಕೆಳಗಡೆ, ಯಾರದೋ ಅಂಗೈಯ ಜಿಡ್ಡು ಗುರುತಿತ್ತು. ನನ್ನ ಹೆಂಡತಿ ಅದರ ಮೇಲೆ ಬೆರಳಾಡಿಸಿ, “ಒರೆಸಿದ್ರೆ ಹೋಗುತ್ತೆ ಬಿಡಿ” ಅಂದಳು. ಅವಳು ಆಗಲೇ ಮನೆಯನ್ನು ಒಪ್ಪಿಬಿಟ್ಟಿದ್ದಳು.

ನಾನು ಆಸ್ಪತ್ರೆಯಲ್ಲಿ ರಾತ್ರಿಪಾಳಿಯ ನರ್ಸ್. ಹಗಲು ಮಲಗಬೇಕಾದವನು. ನಾವಿದ್ದ ಬಾಡಿಗೆ ಮನೆಯ ಕೆಳಗೆ ಕಬ್ಬಿಣದ ಸರಳು ಕತ್ತರಿಸುವ ಅಂಗಡಿ. ಹಿಂದಿನ ವಾರ ನಿದ್ದೆಗಣ್ಣಿನಲ್ಲಿ ಒಬ್ಬ ರೋಗಿಯ ಇಂಜೆಕ್ಷನ್ನನ್ನು ಪಕ್ಕದ ಹಾಸಿಗೆಯವನಿಗೆ ಚುಚ್ಚಲು ಹೋಗಿದ್ದೆ. ಹಿರಿಯ ನರ್ಸ್ ಕೈ ಹಿಡಿದು ತಡೆದರು. ಇನ್ನೊಮ್ಮೆ ಹಾಗಾದರೆ ನನ್ನ ಕೆಲಸ ಹೋಗುತ್ತದೆ, ಇಲ್ಲವೇ ಯಾರದೋ ಜೀವ ಹೋಗುತ್ತದೆ. ಮನೆ ಹೇಗಾದರೂ ಇರಲಿ, ನಿದ್ದೆ ಬಂದರೆ ಸಾಕು ಎನ್ನುವ ಸ್ಥಿತಿ ನಮ್ಮದು.

ಕೆಳಗಿಳಿಯುವಷ್ಟರಲ್ಲಿ ಕರೆಂಟು ಹೋಯಿತು. ವಾಚ್‌ಮನ್ ಛತ್ರಿ ಬಿಡಿಸಿ, “ಆಟೋ ಸಿಗುತ್ತಾ ನೋಡ್ಕೊಂಡು ಬರ್ತೀನಿ, ಇಲ್ಲೇ ಇರಿ” ಎಂದು ಹೊರಟ. ಕಾರು ನಿಲ್ಲಿಸುವ ಜಾಗದಲ್ಲಿ ಪ್ಲಾಸ್ಟಿಕ್ ಕುರ್ಚಿಗಳನ್ನು ಸುತ್ತಲೂ ಹಾಕಿದ್ದರು. ಕಟ್ಟಡದ ಏಳೆಂಟು ಜನ ಕೂತಿದ್ದರು. ಯಾರೂ ಗಟ್ಟಿಯಾಗಿ ಮಾತಾಡುತ್ತಿರಲಿಲ್ಲ. ರಸ್ತೆಯ ಕಡೆಯಿಂದ ಎರಚಲು ಹೊಡೆಯದಂತೆ ಕಂಬದಿಂದ ಕಂಬಕ್ಕೆ ಒಂದು ಹಳೆಯ ಫ್ಲೆಕ್ಸ್ ಕಟ್ಟಿದ್ದರು. ಬರುವಾಗ ಹೊರಗಿನಿಂದ ಅದನ್ನು ನೋಡಿದ್ದೆ: ಅಕ್ಷರಗಳೆಲ್ಲ ಅಳಿಸಿಹೋಗಿ, ಕಣ್ಣು ಅಗಲವಾಗಿ ತೆರೆದ ಒಬ್ಬ ಮುದುಕಿಯ ಮುಖ ಮಾತ್ರ ಉಳಿದಿತ್ತು. ಕಣ್ಣಾಸ್ಪತ್ರೆಯ ಜಾಹೀರಾತು ಇರಬೇಕು ಅಂದುಕೊಂಡಿದ್ದೆ. ಒಳಬದಿಯಿಂದ ಅದು ಬರೀ ಕೊಳಕು ಬಿಳಿ. ನಮಗೆ ಕೊಟ್ಟ ಕುರ್ಚಿಗಳು ಅದಕ್ಕೆ ಬೆನ್ನು ಹಾಕಿದ್ದವು.

“ಇವರು ರಾತ್ರಿಪಾಳಿ ನರ್ಸ್, ಹಗಲು ಮಲಗಬೇಕು. ಇಲ್ಲಿ ಯಾವಾಗಲೂ ಹೀಗೇ ಶಾಂತವಾಗಿರುತ್ತಾ?” ಎಂದು ನನ್ನ ಹೆಂಡತಿ ಕೇಳಿದಳು.

ಸ್ವೆಟರ್ ಹೆಣೆಯುತ್ತಿದ್ದ ಒಬ್ಬಾಕೆ ಕಡ್ಡಿ ನಿಲ್ಲಿಸಿದರು. “ಹೇಳಿಬಿಡಿ ತಾತ. ಹೇಳಿದ್ರೆ ಓನರ್ ಗೋಳು, ಹೇಳ್ದೇ ಇದ್ರೆ ಇವರ ಗೋಳು. ಓನರ್ ಹೇಗಿದ್ರೂ ಇಲ್ಲಿರಲ್ಲ.”

ತಾತ ಎಂದರೆ ಮೊದಲ ಮಹಡಿಯ ಮುದುಕ. ಬಸ್ ಕಂಡಕ್ಟರ್ ಆಗಿದ್ದವರಂತೆ. ಅವರ ದನಿ ಎಷ್ಟು ತಗ್ಗಿತ್ತೆಂದರೆ ನಾವು ಕುರ್ಚಿಯನ್ನು ಮುಂದಕ್ಕೆ ಎಳೆದುಕೊಳ್ಳಬೇಕಾಯಿತು.

*

ಶಾಂತ... ಹೂಂ. ಶಾಂತಕ್ಕೇನೂ ಕೊರತೆ ಇಲ್ಲಮ್ಮ ಇಲ್ಲಿ. ಮೈಯೆಲ್ಲ ಶಾಂತ. ಮುಂದೆ ಬನ್ನಿ, ಇನ್ನೂ ಸ್ವಲ್ಪ ಮುಂದೆ... ಬಸ್ಸಲ್ಲಿ ಜೀವಮಾನವಿಡೀ ಹಿಂದೆ ಹೋಗಿ ಹಿಂದೆ ಹೋಗಿ ಅಂತ ಅರಚಿದವನು ನಾನು, ಈಗ ಮುಂದೆ ಬನ್ನಿ ಅಂತ ಪಿಸುಗುಡ್ತಾ ಇದೀನಿ ನೋಡಿ.

ಈ ಬಿಲ್ಡಿಂಗ್ ಏಳೋ ಮುಂಚೆ ಇಲ್ಲಿ ನಮ್ಮ ಬೀದಿ ಇತ್ತು. ಗೋಡೆಗೆ ಗೋಡೆ ಅಂಟಿದ ಸಣ್ಣ ಸಣ್ಣ ಮನೆಗಳು, ಒಂದು ಮನೇಲಿ ಕೆಮ್ಮಿದ್ರೆ ಪಕ್ಕದ ಮನೇಲಿ ಮಾತ್ರೆ ಹುಡುಕ್ತಿದ್ರು, ಅಷ್ಟು ಹತ್ತಿರ. ನಾನು ಕೆಳಗಿನ ಕೋಣೇಲಿ, ಮೇಲಿನ ಕೋಣೇಲಿ ನಮ್ಮ ಅತ್ತಿಗೆ, ಅಣ್ಣನ ಹೆಂಡತಿ. ಅಣ್ಣ ಬೇಗ ಹೋಗಿಬಿಟ್ಟ. ಅತ್ತಿಗೆ ಆಸ್ಪತ್ರೇಲಿ ಆಯಾ, ಅದೂ ಯಾವಾಗಲೂ ರಾತ್ರಿಪಾಳಿ... ನಿಮ್ಮ ಥರಾನೇ ನರ್ಸಪ್ಪ. ಕೆಲಸ ಬಿಟ್ಟ ಮೇಲೆ ಎಲ್ಲಾ ವಾಪಸ್ ಬಂತು ಅವರಿಗೆ, ನಿದ್ದೆ ಒಂದು ಬರಲಿಲ್ಲ. ರಾತ್ರಿಯಿಡೀ ಕಿಟಕೀಲಿ ಕೂತು ಮಂಡಿಗೆ ನೋವಿನ ಮುಲಾಮು ತಿಕ್ಕೊಳ್ತಾ ಬೀದಿ ಕಾಯ್ತಿದ್ರು. ಕುಡಿದು ಬಂದವನಿಗೆ ಅವನ ಮನೆ ಬಾಗಿಲು ಯಾವುದು ಅಂತ ಮೇಲಿಂದಲೇ ಹೇಳ್ತಿದ್ರು. ಕಳ್ಳರೂ ನಮ್ಮ ಬೀದಿ ಬಿಟ್ಟು ಪಕ್ಕದ ಬೀದಿಗೆ ಹೋಗ್ತಿದ್ರು. ಅತ್ತಿಗೆಗೆ ನಿದ್ದೆ ಬಂತಂತೆ ಅಂತ ಯಾರಾದ್ರೂ ಅಂದ್ರೆ ಬೀದಿಯೆಲ್ಲ ನಗೋದು.

ಆಗ ಬಂತು ಕಂಪನಿ. ಪೇಟೆ ಮಧ್ಯ ಇಷ್ಟು ಜಾಗ ಹೆಂಚಿನಡಿ ಕೊಳೀತಾ ಇದೆ ಅಂತ ಅವರಿಗೆ ಹೊಟ್ಟೆಯುರಿ. ನಿಮ್ಮ ಮನೆಗಳನ್ನ ಒಡೀತೀವಿ, ದೊಡ್ಡ ಬಿಲ್ಡಿಂಗ್ ಕಟ್ಟಿ ಅದರಲ್ಲಿ ನಿಮಗೂ ಒಂದೊಂದು ಮನೆ ಕೊಡ್ತೀವಿ, ಉಳಿದದ್ದು ಮಾರ್ಕೋತೀವಿ ಅಂತ. ಬೀದೀಲಿ ಹೆಚ್ಚಿನವರು ಸಹಿ ಹಾಕಿದ್ರೆ ಸಾಕು, ಕೆಲವರು ಬೇಡ ಅಂದ್ರೂ ನಡೆಯುತ್ತೆ. ಯಾರು ಹಾಕ್ತಾರೆ? ಯಾರೂ ಹಾಕಲಿಲ್ಲ. ಆಗ ಒಬ್ಬನನ್ನ ಕಳಿಸಿದ್ರು, ಜನರನ್ನ ಒಪ್ಪಿಸೋದೇ ಅವನ ಕಸುಬು. ಅವನಿಗೆ ನಾವು ಸೆಂಟಣ್ಣ ಅಂತ ಹೆಸರಿಟ್ಟಿದ್ವಿ. ಅವನು ಬೀದಿ ತುದೀಲಿ ಕಾರು ಇಳಿದ್ರೆ ನಮ್ಮನೆ ಬೆಕ್ಕು ಎದ್ದು ಹೊರಗೆ ಹೋಗ್ತಿತ್ತು. ಅಷ್ಟು ಸೆಂಟು. ಮಾತೂ ಹಾಗೇ, ಮೂಗಿಗೆ ಹೊಡೆಯೋದು. ಬೀದಿಯವರನ್ನೆಲ್ಲ ಕೂರಿಸಿ ಒಂದು ಮೀಟಿಂಗ್ ಮಾಡಿದ. “ನಾವು ಮನೆ ಮಾರ್ತಿಲ್ಲ ಅಮ್ಮ, ನಿಮ್ಮ ಕನಸು ಕಟ್ತಿದೀವಿ” ಅಂದ. ನಮ್ಮ ಕ್ಷೌರದಂಗಡಿಯವನು ಹಿಂದಿನ ಸಾಲಿಂದ ಕೂಗಿದ, “ಕನಸು ಆಮೇಲೆ ನೋಡೋಣ, ಮೊದಲು ಕಕ್ಕಸು ತೋರಿಸಪ್ಪ!”

ತೋರಿಸಿದ. ಬೀದಿ ತುದೀಲಿ ಖಾಲಿ ಜಾಗದಲ್ಲಿ ಒಂದು ಮಾದರಿ ಮನೆ ಕಟ್ಟಿಸಿದ್ರು, ನೋಡೋಕೆ ಅಂತ. ನೋಡೋಕೆ ಮಾತ್ರ, ತಿಳೀತಾ? ನಲ್ಲಿ ಹೊಳೀತಿತ್ತು, ನೀರಿಲ್ಲ. ಕಕ್ಕಸು ಹೊಳೀತಿತ್ತು, ಕೆಳಗೆ ಪೈಪೇ ಇಲ್ಲ. ಅದು ಗೊತ್ತಿಲ್ಲದೆ ಯಾರೋ ಪುಣ್ಯಾತ್ಮರು ಉಪಯೋಗಿಸಿಬಿಟ್ಟಿದ್ರು. ಆ ನಾತ ಮುಚ್ಚೋಕೆ ಸೆಂಟಣ್ಣ ಕೋಣೆ ಕೋಣೆಗೂ ಮಲ್ಲಿಗೆ ಸೆಂಟು ಹೊಡಿಸ್ತಿದ್ದ. ಮಲ್ಲಿಗೆ, ಅದರ ಕೆಳಗೆ ಹೇಲು... ನೆನೆಸ್ಕೊಂಡ್ರೆ ಈಗಲೂ ಊಟ ಸೇರಲ್ಲ. ಮಂಚ, ಸೋಫಾ, ಮೇಜು ಎಲ್ಲಾ ಬೇಕಂತಲೇ ಗಿಡ್ಡ ಮಾಡಿಸಿದ್ರು, ಕೋಣೆ ದೊಡ್ಡದಾಗಿ ಕಾಣಲಿ ಅಂತ. ನಾವೆಲ್ಲ ಅದರೊಳಗೆ ರಾಕ್ಷಸರ ಥರ ಓಡಾಡಿದ್ವಿ.

ಒಂದೇ ಒಂದು ನಿಜವಾದದ್ದು ಅಂದ್ರೆ ಕಿಟಕಿ. ಎರಡು ಪದರದ ಗಾಜು. ಅವನು ಅದನ್ನ ಮುಚ್ಚಿದ ತಕ್ಷಣ ಬೀದಿಯ ಗಲಾಟೆ, ಬಸ್ಸು, ಮಾರೋರ ಕೂಗು ಎಲ್ಲಾ ಕತ್ತರಿಸಿದ ಹಾಗೆ ನಿಂತುಹೋಯ್ತು. ಅತ್ತಿಗೆ ಅವತ್ತು ಮೊದಲನೇ ಸಲ ಬಾಯಿ ಬಿಟ್ಟರು. “ಏನಯ್ಯ, ಇದರೊಳಗೆ ನಿದ್ದೆ ಬರುತ್ತಾ?” ಅಂದ್ರು.

ಅವನ ಕಣ್ಣು ನೋಡಬೇಕಿತ್ತು ನೀವು. ಅಷ್ಟು ದಿನ ಗೋಡೆ ತಡವ್ತಿದ್ದವನಿಗೆ ಬಾಗಿಲು ಸಿಕ್ಕಿದ ಹಾಗೆ. “ಒಂದು ರಾತ್ರಿ ಮಲಗಿ ನೋಡಿ ಅಮ್ಮ” ಅಂದ.

ಅತ್ತಿಗೆ ಏನಂದ್ರು ಗೊತ್ತಾ? ಎಲ್ಲರ ಮುಂದೆ ಅಂದ್ರು. “ಮಲಗ್ತೀನಿ. ನಿದ್ದೆ ಬಂದ್ರೆ ಮೊದಲನೇ ಸಹಿ ನಂದು. ಬರದಿದ್ರೆ ನಿನ್ನ ಬೋರ್ಡು ಕಿತ್ಕೊಂಡು ಹೋಗ್ತಾ ಇರು, ಮತ್ತೆ ಈ ಬೀದಿಗೆ ಕಾಲಿಡಬಾರದು.” ಬೀದಿಯವರೆಲ್ಲ ಹೋ ಅಂದ್ರು. ಆಗೋಯ್ತು, ಅವನ ಕತೆ ಮುಗೀತು ಅಂತಲೇ ಎಲ್ಲರ ಲೆಕ್ಕ. ನಿದ್ದೆ ಬರೋದುಂಟಾ ಆ ಹೆಂಗಸಿಗೆ? ಅಕಸ್ಮಾತ್ ಬಂದ್ರೆ ನಾವೂ ಸಹಿ ಹಾಕಿಬಿಡ್ತೀವಿ ಅಂತ ನಗ್ತಾ ನಗ್ತಾ ಹೇಳಿದ್ರು. ನಮ್ಮ ಮನೆಗಳೆಲ್ಲ ಅವತ್ತು ಒಂದು ಮುದುಕಿಯ ರೆಪ್ಪೆ ಮೇಲೆ ನಿಂತವು.

ಸಂಜೆ ಒಂದು ಹೊದಿಕೆ, ಮುಲಾಮಿನ ಡಬ್ಬಿ ಹಿಡ್ಕೊಂಡು ಅತ್ತಿಗೆ ಒಳಗೆ ಹೋದ್ರು. “ಬೀದಿ ನೋಡ್ಕೊಳಯ್ಯ, ಇವತ್ತು ನಾನಿಲ್ಲ” ಅಂದ್ರು ನನಗೆ. ನಾನು ಬೆಳಗ್ಗೆ ಮೊದಲ ಬಸ್ಸಿಗೆ ಡ್ಯೂಟಿ ಹೋದೆ.

ಮಧ್ಯಾಹ್ನ ಹೊತ್ತಿಗೆ ನಮ್ಮ ಬೀದಿಯ ಇಸ್ತ್ರಿಯವನು ಬಸ್ ಹತ್ತಿದ. “ಕಂಡಕ್ಟ್ರೇ, ವಿಷಯ ಗೊತ್ತಾ? ನಿಮ್ಮ ಅತ್ತಿಗೆ ಮಲಗಿಬಿಟ್ಟಿದ್ದಾರೆ! ಇನ್ನೂ ಎದ್ದಿಲ್ಲ!” ಅಂದ. ನನಗೆ ಖುಷಿಯಾಯ್ತು ಕಣ್ರೀ. ಸುಳ್ಳು ಯಾಕೆ ಹೇಳ್ಲಿ, ಕಣ್ಣಲ್ಲಿ ನೀರು ಬಂತು. ಮನೆ ಹೋದ್ರೆ ಹೋಗ್ಲಿ, ಆ ಜೀವ ಮಲಗ್ತಲ್ಲ ಅಂತ.

ಬೀದಿಯವರೆಲ್ಲ ಸಾಲಾಗಿ ನಿಂತು ನೋಡಿದ್ರಂತೆ. ಒಳಗೆ ಅತ್ತಿಗೆ ಗೋಡೆ ಕಡೆ ಮುಖ ಮಾಡಿ, ಹೊದಿಕೆ ಕತ್ತಿನವರೆಗೂ ಎಳ್ಕೊಂಡು ಮಲಗಿದ್ದಾರೆ. ಸೆಂಟಣ್ಣ ಬಾಗಿಲಲ್ಲಿ ತುಟಿ ಮೇಲೆ ಬೆರಳಿಟ್ಕೊಂಡು, “ಶ್... ಎಬ್ಬಿಸಬೇಡಿ, ಪಾಪ, ಎಷ್ಟು ವರ್ಷದ ನಿದ್ದೆಯೋ” ಅಂತಾನೆ. ಯಾರು ಎಬ್ಬಿಸ್ತಾರೆ? ನಿದ್ದೆಯನ್ನೇ ಕಾಣದ ಮುದುಕಿ ಮಲಗಿರುವಾಗ ಮುಟ್ಟೋ ಪಾಪಿ ಯಾರು? ತುದಿಗಾಲಲ್ಲಿ ಬಂದು, ಉಸಿರು ಹಿಡ್ಕೊಂಡು ನೋಡಿ, ತುದಿಗಾಲಲ್ಲೇ ಹೊರಗೆ ಹೋಗಿ ಹಜಾರದಲ್ಲಿ ಸಹಿ ಹಾಕಿದ್ರು. ಕ್ಷೌರದವನೂ ಹಾಕಿದ. ಒಬ್ಬ ಫೋಟೋದವನು ಬಂದು ಅವರ ಬೆನ್ನಿನ ಫೋಟೋನೂ ಹೊಡ್ಕೊಂಡು ಹೋದ.

ನಾನು ಡ್ಯೂಟಿ ಮುಗಿಸಿ ಬಂದಾಗ ಸಂಜೆ, ಜನ ಎಲ್ಲ ಹೋಗಿದ್ರು. ಒಳಗೆ ಕಾಲಿಟ್ಟೆ. ಮಲ್ಲಿಗೆ... ಮಲ್ಲಿಗೆ ಅಂದ್ರೆ ಗಂಟಲಿಗೆ ಸುರಿದ ಹಾಗೆ. ಮಂಚ ಗಿಡ್ಡ ಅಂದೆನಲ್ಲ, ಅತ್ತಿಗೆಯ ಪಾದ ಎರಡೂ ಹೊದಿಕೆಯಿಂದ ಆಚೆ, ಮಂಚದಿಂದ ಆಚೆ ಚಾಚಿದ್ವು. ಹೆಬ್ಬೆರಳ ಸಂದೀಲಿ ನೊಣ ಕೂತಿತ್ತು. ಎದ್ದಿತು, ಮತ್ತೆ ಅಲ್ಲೇ ಕೂತಿತು. ಕಾಲು ಅಲುಗಲಿಲ್ಲ. ನೀವು ಆಸ್ಪತ್ರೆಯವರು, ನಿಮಗೆ ಬಿಡಿಸಿ ಹೇಳಬೇಕಾ?... ಪಾದ ಮುಟ್ಟಿದೆ. ಕಲ್ಲು. ಭುಜ ಹಿಡಿದು ತಿರುಗಿಸಿದೆ, ಇಡೀ ಮೈ ಹಲಗೆ ಥರ ಒಟ್ಟಿಗೇ ತಿರುಗ್ತು. ಕಣ್ಣು ಎರಡೂ ತೆರೆದಿದ್ವು. ಅಗಲವಾಗಿ. ಆ ಹೆಂಗಸು ಒಂದು ಗಳಿಗೇನೂ ನಿದ್ದೆ ಮಾಡಿರಲಿಲ್ಲ.

ಹಿಂದೆ ಸೆಂಟಣ್ಣ ನಿಂತಿದ್ದ, ಕೈಯಲ್ಲಿ ಆ ಸೆಂಟಿನ ಡಬ್ಬಿ. ಏನು ಮಾಡಿದ ಅಂತೀರಿ? ನನ್ನ ತಲೆ ಮೇಲಿಂದ ಇನ್ನೊಂದು ಸಲ ಪುಸ್ ಅಂತ ಹೊಡೆದ. ಆಮೇಲೆ ಅಂದ, “ನಿದ್ದೇಲೇ ಹೋಗಿಬಿಟ್ಟಿದ್ದಾರೆ ಸರ್. ಎಂಥ ಪುಣ್ಯ.”

ಕಿರುಚಿದೆ. ಡಬಲ್ ಡೆಕ್ಕರ್ ಬಸ್ಸಿನ ಮೇಲಿನವನಿಗೂ ಕೇಳೋ ಹಾಗೆ ಕೂಗಿ ಬದುಕಿದ ಗಂಟಲು ಇದು. ಬೀದಿಯವರ ಹೆಸರು ಹಿಡಿದು ಒಬ್ಬೊಬ್ಬರನ್ನೇ ಕೂಗಿದೆ. ಗಾಜಿನ ಆಚೆ ಇಸ್ತ್ರಿಯವನು ಬಟ್ಟೆ ಮಡಿಸ್ತಾ ನಿಂತಿದ್ದ, ಹತ್ತು ಹೆಜ್ಜೆ ದೂರ ಇಲ್ಲ. ತಲೆ ಎತ್ತಲಿಲ್ಲ. ಕೇಳಿಸಿದ್ರೆ ತಾನೇ ಎತ್ತೋಕೆ? ಆಗ ನೋಡಿದೆ ನಾನು, ಗಾಜಿನ ಕೆಳಮೂಲೇಲಿ, ಒಳಗಡೆಯಿಂದ, ಅಂಗೈ ಗುರುತು. ಜಿಡ್ಡು ಜಿಡ್ಡಾಗಿ. ಮೂಗು ಹತ್ತಿರ ತಂದೆ... ಮುಲಾಮು.

ಆ ಮಾದರಿ ಮನೆಯ ಕಸ ಗುಡಿಸೋ ಹೆಂಗಸು ಆಮೇಲೆ ನನಗೆ ಎಲ್ಲಾ ಹೇಳಿದ್ಲು. ಒಳಗೆ ಹೊಸ ಟಿ.ವಿ. ಇತ್ತಲ್ಲ, ಬೀದಿಯ ಮುದುಕಿ ಹೊತ್ಕೊಂಡು ಹೋಗ್ತಾಳೆ ಅಂತ ಅವನು ಹೊರಗಡೆಯಿಂದ ಬೀಗ ಹಾಕಿದ್ದ. ರಾತ್ರಿ ಯಾವಾಗಲೋ ಎದೆ ನೋವು ಬಂದಿದೆ. ಕಿಟಕಿ ಬಡಿದಿದ್ದಾರೆ. ಮೊದಲು ನಿಂತು ಬಡಿದಿದ್ದಾರೆ, ಆಮೇಲೆ ಕೂತು. ಬೆಳಗ್ಗೆ ಅವನು ಬೀಗ ತೆಗೆದಾಗ ಹೆಣ ಕಿಟಕಿಯ ಕೆಳಗಿತ್ತು. ಅವನೇ ಎತ್ತಿ ಮಂಚದ ಮೇಲೆ ಹಾಕಿ, ಕಣ್ಣು ಮುಚ್ಚೋಕೆ ನೋಡಿದ್ದಾನೆ, ಮುಚ್ಚಲಿಲ್ಲ. ಅದಕ್ಕೇ ಗೋಡೆ ಕಡೆ ತಿರುಗಿಸಿದ್ದು. ಆ ಹೆಂಗಸಿನ ಕೈಲಿ ಗಾಜು ಒರೆಸಿಸಿ ಬಾಗಿಲು ತೆಗೆದಿದ್ದಾನೆ. ಒರೆಸಿದ್ರೂ ಸಂಜೆ ನಾನು ನೋಡಿದಾಗ ಆ ಗುರುತು ಅಲ್ಲೇ ಇತ್ತಲ್ಲ... ಹೊರಗಿನ ಸದ್ದು ಒಳಗೆ ಬರಲ್ಲ ಅಂತ ದಿನಾ ಹೇಳ್ತಿದ್ನಲ್ಲ... ಒಳಗಿನ ಸದ್ದೂ ಹೊರಗೆ ಹೋಗಲ್ಲ ಅಂತ ನಮ್ಮಲ್ಲಿ ಒಬ್ಬನಿಗಾದ್ರೂ ಹೊಳೀಬೇಕಿತ್ತಲ್ವಾ?

ಇಷ್ಟೆಲ್ಲ ನಾನು ಬೀದೀಲಿ ನಿಂತು ಹೇಳಿದೆ. ಏನಾಯ್ತು ಅಂತೀರಾ? ಗುಡಿಸೋ ಹೆಂಗಸು ಪೊಲೀಸಿನವರ ಮುಂದೆ ನನಗೇನೂ ಗೊತ್ತಿಲ್ಲ ಅಂದ್ಲು, ಅವಳಿಗೂ ಹೊಟ್ಟೆ ಇದೆ. ಡಾಕ್ಟ್ರು ಹೃದಯ ನಿಂತು ಸತ್ತದ್ದು ಅಂದ್ರು. ಬೀದಿಯವರು... ಥೂ, ನಮ್ಮವರೇ, “ಈಗೇನು ಮಾಡೋಕಾಗುತ್ತೆ, ಸಹಿ ಆಗಿಹೋಯ್ತಲ್ಲ” ಅಂದ್ರು. ಹೊಸ ನಲ್ಲಿ ಆಗಲೇ ಕಣ್ಣಿಗೆ ಬಿದ್ದಿತ್ತು ಅವರಿಗೆ. ಹೆಣದ ಪಕ್ಕ ತುದಿಗಾಲಲ್ಲಿ ನಡೆದದ್ದು ನೆನಪಾದ್ರೆ ಓಕರಿಕೆ ಬರುತ್ತೆ ಅಂತ ಆ ಮಾತೇ ಎತ್ತಬೇಡ ಅಂತಿದ್ರು. ನಾನೊಬ್ಬ ಸಹಿ ಹಾಕಲಿಲ್ಲ. ಒಬ್ಬನ ಸಹಿ ಯಾರಿಗೆ ಬೇಕಿತ್ತು?

ಸೆಂಟಣ್ಣ ರಕ್ತ ಕಾರಿ ಸತ್ತ ಅಂತ ಹೇಳ್ತೀನಿ ಅಂದ್ಕೊಂಡ್ರೇನೋ. ಇಲ್ಲಪ್ಪ. ಬಡ್ತಿ ಸಿಕ್ತು. ಇನ್ನೊಂದು ಊರಿಗೆ, ಇನ್ನೊಂದು ಬೀದಿ ಒಪ್ಪಿಸೋಕೆ ಹೋದ. ಆದ್ರೆ ಹೋಗೋ ಮುಂಚೆ ಒಂದು ಕೆಲಸ ಮಾಡಿದ. ಆ ಫೋಟೋ... ಅದನ್ನ ಮನೆಯಷ್ಟು ದೊಡ್ಡ ಫ್ಲೆಕ್ಸ್ ಮಾಡಿಸಿ ದೊಡ್ಡ ಸರ್ಕಲ್‌ನಲ್ಲಿ ಏರಿಸಿದ. ಬಿಳಿ ಹೊದಿಕೆ, ನರೆಗೂದಲು, ಬೆನ್ನು. ಕೆಳಗೆ ಅಕ್ಷರ: ‘ಎಷ್ಟೋ ವರ್ಷಗಳ ನಂತರ, ನೆಮ್ಮದಿಯ ನಿದ್ದೆ.’ ಕೇಳೋಕೆ ಹೋದ್ರೆ ಕಂಪನಿಯವರು, ಮುಖವೇ ಇಲ್ಲವಲ್ಲ, ನಿಮ್ಮ ಅತ್ತಿಗೆ ಅಂತ ಹೇಗೆ ಹೇಳ್ತೀರಿ ಅಂದ್ರು.

ಮುಖ ಇರಲಿಲ್ಲ, ನಿಜ. ನನ್ನ ಬಸ್ಸು ದಿನಾ ಅದರ ಕೆಳಗೇ ಹೋಗೋದು. ಮಳೆಗಾಲ ಶುರುವಾದಾಗ ಒಂದಿನ ನೋಡ್ತೀನಿ, ಕಿವಿ ಕಾಣ್ತಿದೆ. ಮೊದಲು ಕಂಡಿತ್ತಾ, ಇಲ್ವಾ?... ಮಳೆಗೆ ಫ್ಲೆಕ್ಸ್ ಜೋಲುಬಿದ್ದಿರಬೇಕು ಅಂದ್ಕೊಂಡೆ. ಆಮೇಲೆ ಕೆನ್ನೆ. ಆಮೇಲೆ ಮೂಗಿನ ತುದಿ. ನಾನು ಯಾರಿಗೂ ಹೇಳಲಿಲ್ಲ, ದುಃಖಕ್ಕೆ ತಲೆ ಕೆಟ್ಟಿದೆ ಅಂತಾರೆ ಅಂತ. ಒಂದು ಸಂಜೆ ಸಿಗ್ನಲ್ಲಲ್ಲಿ ನಿಂತಾಗ ನಮ್ಮ ಡ್ರೈವರ್ರೇ ಕೇಳಿದ್ರು, “ಏನ್ರೀ ಕಂಡಕ್ಟ್ರೇ, ಆ ಅಜ್ಜಿ ಮೊನ್ನೆ ಆ ಕಡೆ ತಿರುಗಿ ಮಲಗಿದ್ರಲ್ವಾ?” ಸಿಗ್ನಲ್ ಬಿಟ್ರೂ ಅವರಿಗೆ ಗಾಡಿ ತೆಗೆಯೋಕಾಗಲಿಲ್ಲ. ಕಾರಣ, ಪೂರ್ತಿ ಈ ಕಡೆ ತಿರುಗಿದ್ರು ಅತ್ತಿಗೆ. ಕಣ್ಣು ತೆರೆದು ರಸ್ತೆ ನೋಡ್ತಿದ್ರು. ಆ ಹಳೇ ಕಿಟಕಿಯಿಂದ ನೋಡೋ ಹಾಗೇ.

ಕಂಪನಿಯವರು ಹೊಸ ಫ್ಲೆಕ್ಸ್ ಹಾಕಿದ್ರು, ಅದೂ ತಿರುಗ್ತು. ಕಡೆಗೆ ಇಳಿಸಿ ಬಿಸಾಡಿದ್ರು. ಅಷ್ಟು ಹೊತ್ತಿಗೆ ಮನೆಗಳೆಲ್ಲ ಮಾರಿಹೋಗಿದ್ವು, ಇನ್ನು ಜಾಹೀರಾತು ಯಾರಿಗೆ ಬೇಕು?

ಇನ್ನು ಈ ಬಿಲ್ಡಿಂಗ್ ವಿಷಯ. ಎಲ್ಲಾ ಮನೇಲೂ ಅದೇ ಗಾಜು. ಮುಚ್ಚಿದ್ರೆ ಸಾವಿನಂಥ ಶಾಂತ. ಅದರೊಳಗೆ ಮಲಗಿದ್ರೆ... ಯಾರೋ ಪಕ್ಕದಲ್ಲೇ ಎಚ್ಚರವಾಗಿದ್ದಾರೆ ಅನ್ಸುತ್ತೆ. ಅಷ್ಟೇ. ಗೆಜ್ಜೆ ಇಲ್ಲ, ನೆರಳಿಲ್ಲ, ಕೂಗಿಲ್ಲ. ಯಾರೋ ಎದ್ದು ಕೂತಿದ್ದಾರೆ. ಯಾರೋ ಎದ್ದು ಕೂತಿರುವಾಗ ನಾವು ಹೇಗೆ ಕಣ್ಣು ಮುಚ್ಚೋದು? ಬೆಳಗ್ಗೆ ನೋಡಿದ್ರೆ ಗಾಜಿನ ಮೇಲೆ, ಕೆಳಗಡೆ, ಅಂಗೈ. ಒರೆಸಿ, ಮತ್ತೆ ಬರುತ್ತೆ. ನಾವೆಲ್ಲ ಮಳೆಗೆ ಹೆದರಿ ಇಲ್ಲಿ ಕೂತಿದ್ದೀವಿ ಅಂದ್ಕೊಂಡ್ರಾ ನೀವು? ಈ ಕುರ್ಚಿಗಳ ಕಾಲು ನೋಡಿ, ಎಷ್ಟು ಸವೆದಿವೆ. ನಾವು ದಿನಾ ಕೂರ್ತೀವಿ...

*

ತಾತ ನಿಲ್ಲಿಸಿದರು. ಮಳೆ ಫ್ಲೆಕ್ಸಿನ ಮೇಲೆ ಬಡಿಯುತ್ತಿತ್ತು. ನನ್ನ ಹೆಂಡತಿ ತನ್ನ ಬೆರಳನ್ನು ಮೂಗಿನ ಬಳಿ ತಂದಳು, ಥಟ್ಟನೆ ಕೆಳಗಿಳಿಸಿ ಸೆರಗಿಗೆ ಉಜ್ಜತೊಡಗಿದಳು. ನನಗೂ ವಾಸನೆ ಬಂತು. ಮೂಳೆ ವಾರ್ಡಿನಲ್ಲಿ ದಿನವೂ ಮೂಗಿಗೆ ಬಡಿಯುವ ವಾಸನೆ ಅದು, ಗುರುತು ತಪ್ಪುವಂತಿರಲಿಲ್ಲ: ನೋವಿನ ಮುಲಾಮು.

“ಬಿಸಾಡಿದ್ರು ಅಂದ್ರಲ್ಲ, ಆ ಫ್ಲೆಕ್ಸ್... ಇದೇನಾ?” ಅಂದೆ.

“ಇನ್ಯಾವುದು? ನಾನೇ ಎಷ್ಟೋ ಸಲ ಬಿಚ್ಚಿ ಕಸಕ್ಕೆ ಹಾಕಿದೀನಿ. ಮಳೆ ಬಂದ ತಕ್ಷಣ ಯಾರಾದ್ರೂ ಹೆಕ್ಕಿ ತಂದು ಕಟ್ಟಿರ್ತಾರೆ. ದಪ್ಪ ಶೀಟು, ಬಿಸಾಡೋಕೆ ಮನಸ್ಸು ಬರಲ್ವಂತೆ. ಅದು ದೆವ್ವದ ಕೆಲಸ ಅಲ್ಲ, ಜನದ್ದು.”

ವಾಚ್‌ಮನ್ ನೀರು ಸುರಿಸುತ್ತ ಒಳಗೆ ಬಂದ. “ಒಂದೂ ಆಟೋ ಇಲ್ಲ ಸಾರ್.”

“ಲೋ, ಹೊರಗಿಂದ ಬಂದ್ಯಲ್ಲ,” ತಾತ ತಲೆ ಎತ್ತದೆ ಕೇಳಿದರು, “ಫ್ಲೆಕ್ಸ್ ಮೇಲೆ ಏನು ಕಾಣ್ತು?”

“ಅದೇ ತಾತ. ಬೆನ್ನು. ಹೊದ್ಕೊಂಡು ಮಲಗಿದಾರಲ್ಲ.”

ಹೆಣೆಯುತ್ತಿದ್ದಾಕೆ ಉಲ್ಲನ್ನು ಚೀಲಕ್ಕೆ ತುರುಕಿಕೊಂಡು ಎದ್ದರು. ಉಳಿದವರು ನೆಲ ನೋಡುತ್ತ ಕೂತರು. ನಮ್ಮ ಬೆನ್ನ ಹಿಂದೆ ಗಾಳಿಗೆ ಶೀಟು ಒಮ್ಮೆ ಉಬ್ಬಿ ನನ್ನ ಕುರ್ಚಿಗೆ ತಾಗಿ ಹಿಂದೆ ಸರಿಯಿತು.

“ನೀವು ಬರುವಾಗ ನೋಡಿದ್ದು ಮುಖ ಅಲ್ವಾ ನರ್ಸಪ್ಪ?” ತಾತ ಕೇಳಿದರು. ನಾನು ತಲೆಯಾಡಿಸಿದೆ. “ಹೂಂ... ಹಾಗಾದ್ರೆ ಈ ಕಡೆ ಮಗ್ಗುಲಾಗಿದ್ದಾರೆ. ನಿದ್ದೆ ಬೇಕು ಅಂತ ಯಾರಾದ್ರೂ ಬಂದ್ರೆ ಅತ್ತಿಗೆ ಒಂದು ಸಲ ತಿರುಗಿ ನೋಡ್ತಾರೆ. ಮನೆ ತಗೊಳ್ಳೋದು ಬಿಡೋದು ನಿಮ್ಮಿಷ್ಟ. ಅವರು ನಿಮ್ಮನ್ನ ನೋಡಿ ಆಯ್ತು.”